ಅಕ್ಕನ ಮುಖ, ಇನ್ನೊಬ್ಬರ ದನಿ

ನನ್ನ ಅಕ್ಕ ಹನ್ನೊಂದು ವರ್ಷ ಟೀವಿ ಜಾಹೀರಾತುಗಳಲ್ಲಿ ನಟಿಸಿದಳು. ಅಷ್ಟೂ ವರ್ಷ ಅವಳು ಮಾಡಿದ್ದು ಒಂದೇ ಕೆಲಸ, ಅಗಿಯುವುದು. ಸಾರನ್ನ, ಉಪ್ಪಿನಕಾಯಿ, ರವೆ ಇಡ್ಲಿ, ಬಿಸ್ಕತ್ತು, ಒಮ್ಮೆ ಹಲ್ಲುನೋವಿನ ಮಾತ್ರೆಯ ಜಾಹೀರಾತಿಗಾಗಿ ಚಕ್ಕುಲಿ. ನಾನು ಪತ್ರಿಕೆಯ ಸುದ್ದಿಮನೆಯಲ್ಲಿ ಮೂವತ್ತು ವರ್ಷ ಬೇರೆಯವರ ವಾಕ್ಯ ತಿದ್ದಿದವನು. ನನ್ನನ್ನು ನಮ್ಮ ರಾಜಾಜಿನಗರದ ಬೀದಿಯ ಆಚೆ ಯಾರೂ ಗುರುತಿಸುವುದಿಲ್ಲ. ಅಕ್ಕ ನಾಲ್ಕು ಸೆಕೆಂಡು ಅಗಿದು ಬೀದರ್‌ವರೆಗೂ ಪರಿಚಿತಳಾದಳು. ಇದರಲ್ಲಿ ಹೊಟ್ಟೆಕಿಚ್ಚು ಇಲ್ಲ ಎಂದು ಬರೆದರೆ ತಪ್ಪು ಮಾಹಿತಿ ಕೊಟ್ಟಂತಾಗುತ್ತದೆ.

ಶುರುವಾದದ್ದು ಹೀಗೆ. ಅಕ್ಕ ಆಗ ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಮನೆಯೂ ಅಲ್ಲೇ. ಭಾನುವಾರ ಅಮ್ಮನನ್ನು ನೋಡಲು ನಮ್ಮ ಮನೆಗೆ ಬರುತ್ತಿದ್ದಳು. ಅಂಥ ಒಂದು ಭಾನುವಾರ ನಮ್ಮ ಎದುರು ಮನೆಯಲ್ಲಿ ಸಾರಿನ ಪುಡಿಯ ಜಾಹೀರಾತಿನ ಶೂಟಿಂಗ್ ನಡೆದಿತ್ತು. ಅವರ ಜನರೇಟರ್ ವ್ಯಾನು ನಮ್ಮ ಗೇಟಿಗೆ ಅಡ್ಡ ನಿಂತಿತ್ತು. ಅಕ್ಕ ಜಗಳಕ್ಕೆ ಹೋದಳು. ಅತ್ತೆಯ ಪಾತ್ರ ಮಾಡಬೇಕಿದ್ದವರು ಅಂದು ಕೈಕೊಟ್ಟಿದ್ದರು. ನಿರ್ದೇಶಕರು ಅಕ್ಕನ ಬೈಗುಳವನ್ನು ಪೂರ್ತಿ ಕೇಳಿ, ವ್ಯಾನು ತೆಗೆಸಿ, "ಮೇಡಂ, ಒಂದು ತುತ್ತು ತಿಂದು ಹೋಗ್ತೀರಾ, ಕ್ಯಾಮೆರಾ ಮುಂದೆ?" ಎಂದರಂತೆ. ನಾನು ಆಗ ಆಫೀಸಿನಲ್ಲಿದ್ದೆ. ಅಕ್ಕ ಹೇಳಿದ್ದೂ ನನ್ನ ಹೆಂಡತಿ ಹೇಳಿದ್ದೂ ತಾಳೆಯಾಗುವುದರಿಂದ ನಂಬಿದ್ದೇನೆ. ಅವರಿಬ್ಬರ ಹೇಳಿಕೆ ತಾಳೆಯಾಗುವುದು ಅಪರೂಪ.

ತಿಂಡಿತಿನಿಸಿನ ಜಾಹೀರಾತಿನಲ್ಲಿ ಒಂದು ಪದ್ಧತಿ ಇದೆ. ಒಂದೇ ದೃಶ್ಯವನ್ನು ಹದಿನೈದು ಇಪ್ಪತ್ತು ಸಲ ತೆಗೆಯುತ್ತಾರೆ. ಪ್ರತಿ ಸಲವೂ ನುಂಗಿದರೆ ನಟರ ಗತಿ ಏನು? ಅದಕ್ಕೇ ಪಕ್ಕದಲ್ಲಿ ಒಬ್ಬ ಬಕೆಟ್ ಹಿಡಿದು ನಿಂತಿರುತ್ತಾನೆ. 'ಕಟ್' ಅಂದ ತಕ್ಷಣ ನಟರು ಬಾಯಲ್ಲಿದ್ದದ್ದನ್ನು ಅದಕ್ಕೆ ಉಗಿಯುತ್ತಾರೆ.

ಬಕೆಟ್ ಹಿಡಿದವನು ಅಕ್ಕನಿಗೆ ವಿನಯದಿಂದಲೇ ಹೇಳಿದ. "ಆಂಟಿ, ಕಟ್ ಅಂದಾಗ ಇದಕ್ಕೆ ಉಗಿದುಬಿಡಿ."

"ಏನಂದ್ರಿ?"

"ನುಂಗ್ಬೇಡಿ ಆಂಟಿ. ಇನ್ನೂ ತುಂಬಾ ಟೇಕ್ ಆಗುತ್ತೆ."

"ಬಾಯಿಗಿಟ್ಟ ಅನ್ನ ಉಗೀತಾರೇನ್ರೀ ಯಾರಾದ್ರೂ? ನಿಮ್ಮನೇಲಿ ಹಂಗೆ ಮಾಡ್ತೀರಾ? ನಿಮ್ಮಮ್ಮ ಸುಮ್ನಿರ್ತಾರಾ?"

ಅವನು ಬಕೆಟ್ಟನ್ನು ಮಂಚದ ಕೆಳಗೆ ಸರಿಸಿದ. ಅಕ್ಕ ಹದಿನಾಲ್ಕು ಟೇಕಿನ ಸಾರನ್ನವನ್ನೂ ನುಂಗಿದಳು. ತುತ್ತು ಬಾಯಲ್ಲಿಟ್ಟುಕೊಂಡು ಮಾತಾಡುವುದೂ ನಮ್ಮ ಮನೆಯಲ್ಲಿ ನಿಷಿದ್ಧ. ಅಕ್ಕ ಪೂರ್ತಿ ಅಗಿದು, ನುಂಗಿ, ಒಂದು ಗುಟುಕು ನೀರು ಕುಡಿದು ಮಾತು ಶುರು ಮಾಡುವಷ್ಟರಲ್ಲಿ ಜಾಹೀರಾತಿನ ಇಪ್ಪತ್ತು ಸೆಕೆಂಡು ಮುಗಿದು ಇನ್ನೊಂದು ಜಾಹೀರಾತು ಬಂದುಹೋಗುವಷ್ಟು ಹೊತ್ತಾಗುತ್ತಿತ್ತು. ನಿರ್ದೇಶಕರು ಹಣೆ ಒತ್ತಿಕೊಂಡು ಹೇಳಿದರು. "ಅಮ್ಮಾ, ನೀವು ಮಾತೇ ಆಡಬೇಡಿ. ಬರೀ ಅಗೀರಿ. ನಿಮ್ಮ ಮನಸ್ಸಲ್ಲಿ ಏನಿದೆಯೋ ಅದನ್ನ ಬೇರೆಯವರ ಕೈಲಿ ಹೇಳಿಸ್ಕೋತೀನಿ."

ಹಾಗೆ ಒಂದು ಜಾಡು ಬಿತ್ತು. ತೆರೆಯ ಮೇಲೆ ಅಕ್ಕ ಬಾಯಿ ಮುಚ್ಚಿ ಅಗಿಯುತ್ತಾಳೆ. ಮುಖದಲ್ಲಿ, ಉತ್ತರ ಸರಿಯಿದ್ದರೂ ಕಾಲು ಅಂಕ ಕಳೆಯಲು ಕಾರಣ ಹುಡುಕುವ ಗಣಿತದ ಮೇಡಂ. ಹಿನ್ನೆಲೆಯಲ್ಲಿ ಡಬ್ಬಿಂಗ್ ಕಲಾವಿದೆಯೊಬ್ಬರ ತೆಳ್ಳನೆಯ, ಸ್ವಲ್ಪ ಮೂಗಿನಲ್ಲಿ ಹೊರಡುವ ದನಿ: 'ಚೆನ್ನಾಗಿದೆ ಅಂದ್ಬಿಟ್ರೆ ನಾಳೆಯಿಂದ ಇವಳನ್ನ ಹಿಡಿಯೋಕಾಗಲ್ಲ...' ಅವರು ಬಳಸಿಕೊಂಡದ್ದು ಹದಿನಾಲ್ಕನೆಯ ಟೇಕು. ಆ ಮುಖದಲ್ಲಿ ಕಾಣುವ ಸಂಕಟವನ್ನು ಜನ ಅಭಿನಯ ಎಂದು ಮೆಚ್ಚಿದರು. ಅದು ಹೊಟ್ಟೆ ಬಿರಿದ ಸಂಕಟ.

ಆಮೇಲೆ ಒಂದರ ಹಿಂದೆ ಒಂದು ಬಂದವು. ರಜೆಯ ದಿನಗಳಲ್ಲಿ ಅಗಿದಳು, ನಿವೃತ್ತಿಯಾದ ಮೇಲೆ ವಾರದ ದಿನಗಳಲ್ಲೂ ಅಗಿದಳು. ಎಲ್ಲ ಕಂಪನಿಗಳಿಗೂ ಅದೇ ಮುಖ, ಅದೇ ದನಿ ಬೇಕಿತ್ತು. ದನಿ ಕೊಡುವವರನ್ನು ಅಕ್ಕ ಕಣ್ಣಿಂದ ಕಂಡಿರಲಿಲ್ಲ. ಅವಳ ಕೆಲಸ ಶೂಟಿಂಗಿನಲ್ಲಿ ಮುಗಿಯುತ್ತಿತ್ತು, ಅವರ ಕೆಲಸ ಸ್ಟುಡಿಯೋದಲ್ಲಿ ಶುರುವಾಗುತ್ತಿತ್ತು.

ಅಕ್ಕನ ನಿಜವಾದ ದನಿಯ ಬಗ್ಗೆ ಇಲ್ಲಿ ಹೇಳಬೇಕು. ಅರವತ್ತು ಮಕ್ಕಳ ತರಗತಿಯಲ್ಲಿ ಕೊನೆಯ ಬೆಂಚಿಗೆ ಕೇಳುವಂತೆ ಮೂವತ್ತು ವರ್ಷ ಪಾಠ ಹೇಳಿದ ದನಿ ಅದು. ಗಡಸು, ದಪ್ಪ. ಫೋನಿನಲ್ಲಿ ಬ್ಯಾಂಕಿನವರು ಅವಳನ್ನು "ಸಾರ್" ಅನ್ನುತ್ತಾರೆ. ಅವಳೂ ತಿದ್ದುವುದನ್ನು ಬಿಟ್ಟಿದ್ದಾಳೆ.

ಒಂದು ನವೆಂಬರಿನಲ್ಲಿ ಹೇರೋಹಳ್ಳಿಯ ಯುವಕರ ಸಂಘದವರು ಅವಳನ್ನು ರಾಜ್ಯೋತ್ಸವಕ್ಕೆ ಅತಿಥಿಯಾಗಿ ಕರೆದರು. ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮೈಕು ಕೈಗಿತ್ತರು. ಅಕ್ಕ "ಎಲ್ಲರಿಗೂ ನಮಸ್ಕಾರ" ಎಂದಳು. ನನ್ನ ಹಿಂದಿನ ಸಾಲಿನಲ್ಲಿದ್ದ ಹುಡುಗರಲ್ಲಿ ತಕರಾರು ಶುರುವಾಯಿತು.

"ಗುರು, ಇವ್ರಲ್ಲ ಕಣೋ ಅವ್ರು."

"ಮುಖ ಅದೇ ಅಲ್ವಾ ಮಗಾ?"

"ವಾಯ್ಸ್ ಕೇಳೋ! ನಮ್ ಹೆಡ್‌ಮಾಸ್ಟರ್ ಥರ ಇದೆ. ಡೂಪ್ಲಿಕೇಟ್ ಕರ್ಕೊಂಬಂದಿದಾರೆ."

ಗೊಣಗಾಟ ವೇದಿಕೆಯವರೆಗೂ ತಲುಪಿತು. ಸಂಘದ ಅಧ್ಯಕ್ಷ ಅಕ್ಕನ ಕಿವಿಯ ಹತ್ತಿರ ಬಗ್ಗಿ, ಮೈಕಿಗೂ ಕೇಳುವಂತೆ, "ಆಂಟಿ, ಮಾತು ಸಾಕು. ಒಂದ್ಸಲ ಅಗಿದು ತೋರಿಸಿಬಿಡಿ, ಜನಕ್ಕೆ ನಂಬಿಕೆ ಬರ್ಲಿ" ಎಂದ. ಅವರು ಕೊಟ್ಟ ಬುಟ್ಟಿಯಿಂದಲೇ ಒಂದು ಬಾಳೆಹಣ್ಣು ಸುಲಿದುಕೊಟ್ಟ. ಅಕ್ಕ ತಯಾರಿ ಮಾಡಿಕೊಂಡು ಬಂದ ಭಾಷಣವನ್ನು ಮಡಿಸಿ, ಬಾಳೆಹಣ್ಣು ಅಗಿದಳು. ಚಪ್ಪಾಳೆಯೋ ಚಪ್ಪಾಳೆ.

ಬರುವಾಗ ಸುಂಕದಕಟ್ಟೆಯ ಹತ್ತಿರ ಅವಳು ಶಾಲನ್ನು ಮಡಿಸಿ ಹಿಂದಿನ ಸೀಟಿಗೆ ಎಸೆದಳು. ನಾನು ಛೇಡಿಸಿದೆ. "ಇವತ್ತು ಬಾಳೆಹಣ್ಣಿಗೂ ಕಾಲು ಅಂಕ ಕಳೆದೆಯಲ್ಲ?"

"ಸುಮ್ನೆ ಗಾಡಿ ಓಡ್ಸೋ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಈ ಹುಡುಗ್ರು ನಂಬದೇ ಇದ್ರೆ ಹೋಗ್ಲಿ. ಅಮ್ಮನೂ ನಂಬ್ಲಿಲ್ವಲ್ಲ."

ಅಮ್ಮ ನಮ್ಮ ಜೊತೆಯೇ ಇದ್ದಾರೆ. ಅಕ್ಕ ಮೊದಲ ಜಾಹೀರಾತು ಮಾಡುವ ಎರಡು ವರ್ಷ ಮೊದಲೇ ಅವರಿಗೆ ಗ್ಲಾಕೋಮಾದಿಂದ ಎರಡೂ ಕಣ್ಣು ಪೂರ್ತಿ ಹೋಗಿದ್ದವು. ಕಿವಿ ಮಾತ್ರ ಇವತ್ತಿಗೂ ಚುರುಕು. ಬೆತ್ತದ ಕುರ್ಚಿಯಲ್ಲಿ ಕೂತು ಮಧ್ಯಾಹ್ನದ ಧಾರಾವಾಹಿಗಳನ್ನು ಕೇಳುತ್ತಾರೆ. ಯಾವ ಪಾತ್ರಧಾರಿ ಬದಲಾದರೂ ನಮಗಿಂತ ಮೊದಲು ಹೇಳುವವರು ಅವರೇ. ಅಕ್ಕನ ಜಾಹೀರಾತು ಮೊದಲ ಸಲ ಬಂದಾಗ ನಾವೆಲ್ಲ ಕೂಗಿಕೊಂಡೆವು. ಅಮ್ಮ ಕತ್ತು ಓರೆ ಮಾಡಿ ಕೇಳಿಸಿಕೊಂಡರು.

"ಇದು ಅವಳಾ? ಯಾವಳೋ ಮೂಗಲ್ಲಿ ಮಾತಾಡ್ತಿದಾಳೆ."

"ದನಿ ಬೇರೆಯವ್ರದ್ದು ಅಮ್ಮ. ಮುಖ ಅಕ್ಕಂದು."

"ಮುಖ ತಗೊಂಡು ನಾನೇನೋ ಮಾಡ್ಲಿ?"

ವರ್ಷಗಳು ಕಳೆದಂತೆ ಅಮ್ಮ ನಮ್ಮ ಮಾತನ್ನು ಒಪ್ಪಿಕೊಂಡಂತೆ ನಟಿಸತೊಡಗಿದರು. ಮನೆಗೆ ಬಂದವರಿಗೆ, "ನನ್ನ ಮಗಳು ಟೀವೀಲಿ ಬರ್ತಾಳಂತೆ" ಎನ್ನುತ್ತಿದ್ದರು. 'ಅಂತೆ' ಸೇರಿಸಿ, ಮಾಹಿತಿಯ ಹೊಣೆಯನ್ನು ಮೂಲಕ್ಕೇ ಬಿಟ್ಟು ತಾವು ಪಾರಾಗುವ ಈ ಕ್ರಮವನ್ನು ವೃತ್ತಿಯ ಕಾರಣಕ್ಕೆ ನಾನು ಮೆಚ್ಚುತ್ತಿದ್ದೆ. ಅಕ್ಕನಿಗೆ ಅದು ಮುಳ್ಳಿನಂತೆ ಚುಚ್ಚುತ್ತಿತ್ತು ಎಂದು ಹೇರೋಹಳ್ಳಿಯಿಂದ ಬರುವ ದಾರಿಯಲ್ಲೇ ನನಗೆ ಗೊತ್ತಾದದ್ದು. ಅಮ್ಮನಿಗೆ ಎಂಬತ್ತಾರು ಆಗಿತ್ತು. ಒಂದೇ ಒಂದು ಸಲ ಟೀವಿಯಲ್ಲಿ ತನ್ನ ದನಿಯನ್ನು ಅಮ್ಮ ಕೇಳಬೇಕು, ಕೇಳಿ ಗುರುತು ಹಿಡಿಯಬೇಕು. ಅಕ್ಕನಿಗೆ ಬೇಕಾಗಿದ್ದದ್ದು ಇಷ್ಟೇ.

ಮುಂದಿನ ವರ್ಷ ಹಳೆಯ ಸಾರಿನ ಪುಡಿಯವರೇ ಮತ್ತೆ ಬಂದರು. ನಿರ್ದೇಶಕ ಈಗ ಬೇರೆ, ಅಕ್ಕನ ಶಿಷ್ಯರ ವಯಸ್ಸಿನವನು. ಅಕ್ಕ ಒಂದೇ ಷರತ್ತು ಹಾಕಿದಳು. "ಈ ಸಲ ನನ್ನ ಮನಸ್ಸಿನ ಮಾತು ನಾನೇ ಆಡ್ತೀನಿ."

ಅವನು ತಲೆ ಕೆರೆದುಕೊಂಡ. "ಆಂಟಿ, ಜನಕ್ಕೆ ಆ ವಾಯ್ಸೇ ಅಭ್ಯಾಸ ಆಗ್ಬಿಟ್ಟಿದೆ..."

"ಒಂದು ಸಲ ನೋಡಿ. ಆಗ್ದಿದ್ರೆ ಬಿಡಿ."

ಕೊನೆಗೆ ಒಪ್ಪಂದ ಆದದ್ದು ಹೀಗೆ: ಸ್ಟುಡಿಯೋದಲ್ಲಿ ಒಂದು ಗಂಟೆ ಅಕ್ಕನಿಗೆ. ಸರಿಬರದಿದ್ದರೆ ಎಂದಿನ ಕಲಾವಿದೆಯಿಂದಲೇ ಹೇಳಿಸುವುದು. ಅವರನ್ನೂ ಅದೇ ದಿನ ಕರೆಸಿರುವುದು.

ನಂದಿನಿ ಲೇಔಟಿನ ಒಂದು ಮನೆಯಲ್ಲಿ ಚಿತ್ರೀಕರಣವಾಯಿತು. ಅಕ್ಕ ಎಂದಿನಂತೆ ಎಲ್ಲ ಟೇಕನ್ನೂ ನುಂಗಿದಳು. ವಾರದ ಮೇಲೆ ಡಬ್ಬಿಂಗ್. ಸ್ಟುಡಿಯೋ ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದ ಹತ್ತಿರದ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ. ಅಂದು ನನಗೆ ವಾರದ ರಜೆ, ಜೊತೆಗೆ ಹೋದೆ. ಅಮ್ಮನಿಗೆ ಈ ವಿಷಯ ಯಾರೂ ಹೇಳಕೂಡದು ಎಂದು ಅಕ್ಕ ಮೊದಲೇ ಕಟ್ಟಪ್ಪಣೆ ಮಾಡಿದ್ದಳು. "ಮೊದ್ಲೇ ಹೇಳಿದ್ರೆ ನನ್ನ ಸಮಾಧಾನಕ್ಕೆ ಹೂಂ ಅಂದ್ಬಿಡ್ತಾಳೆ ಕಣೋ. ಅದು ಲೆಕ್ಕಕ್ಕಿಲ್ಲ."

ಒಳಗೆ ಬೆಂಚಿನ ಮೇಲೆ ನಲವತ್ತೈದು ದಾಟಿದ ಒಬ್ಬ ಹೆಂಗಸು ಜೀರಿಗೆ ನೀರಿನ ಫ್ಲಾಸ್ಕು ಇಟ್ಟುಕೊಂಡು ಕೂತಿದ್ದರು. ಅಕ್ಕನನ್ನು ಕಂಡು ಎದ್ದು ನಿಂತರು. "ನಮಸ್ಕಾರ ಅಕ್ಕ. ಕೆಂಗೇರಿಯಿಂದ ಬಂದೆ. ಹನ್ನೊಂದು ವರ್ಷದಿಂದ ನಿಮ್ಮ ಮನಸ್ಸು ನಾನೇ."

ನಾನು ತಟ್ಟನೆ ಅಕ್ಕನ ಬಾಯಿಯ ಕಡೆ ನೋಡಿದೆ. ಅದು ಮುಚ್ಚಿತ್ತು. ಹನ್ನೊಂದು ವರ್ಷ ಆ ಮುಖದ ಜೊತೆ ಕೇಳಿದ ದನಿ ಇನ್ನೊಂದು ಮುಖದಿಂದ ಬಂದರೆ ಎದುರಿಗಿರುವವರಿಗೆ ಆಗುವ ಗಲಿಬಿಲಿ ಅಷ್ಟಿಷ್ಟಲ್ಲ. ಅಕ್ಕ ಅವರ ಕೈ ಹಿಡಿದುಕೊಂಡು, "ನೀವಾ! ನನ್ನ ಸೊಸೆ ಬಗ್ಗೆ ಎಷ್ಟು ಕೆಟ್ಟದಾಗಿ ಯೋಚ್ನೆ ಮಾಡಿಸ್ತೀರಲ್ರೀ" ಎಂದಳು. ಇಬ್ಬರೂ ನಕ್ಕರು.

ನಗು ಅಲ್ಲಿಗೇ ಮುಗಿಯಿತು. ಈ ಸಲದ ಮಾತು ಒಂದೇ ಸಾಲು. ಸೊಸೆ ಸಾರು ಬಡಿಸಿ ಒಳಗೆ ಹೋಗುತ್ತಾಳೆ, ಅತ್ತೆ ಅಗಿಯುತ್ತ ಅಂದುಕೊಳ್ಳುತ್ತಾಳೆ: 'ಇನ್ನೊಂದು ಸೌಟು ಹಾಕಿದ್ರೆ ಇವಳ ಗಂಟೇನು ಹೋಗ್ತಿತ್ತು?' ಅಕ್ಕ ಮೈಕಿನ ಮುಂದೆ ನಿಂತು, ತೆರೆಯ ಮೇಲಿನ ತನ್ನನ್ನೇ ನೋಡುತ್ತ ಹೇಳಿದಳು. ಗಾಜಿನ ಆಚೆ ಕೂತಿದ್ದ ಧ್ವನಿಮುದ್ರಕ ಕಿವಿಯಿಂದ ಹೆಡ್‌ಫೋನು ಸರಿಸಿದ. "ಮೇಡಂ, ಪಾಠ ಮಾಡ್ದಂಗಿದೆ."

ಅವಳು ತಗ್ಗಿಸಿ ಹೇಳಿದಳು.

"ಈಗ ಹುಷಾರಿಲ್ದವರ ಥರ ಇದೆ ಮೇಡಂ."

ಮುಕ್ಕಾಲು ಗಂಟೆ ಹೀಗೇ ಹೋಯಿತು. ಒಮ್ಮೆ ಮಾತು ಮುಖಕ್ಕಿಂತ ಮುಂದೆ ಓಡುತ್ತಿತ್ತು, ಇನ್ನೊಮ್ಮೆ ಹಿಂದೆ ಬೀಳುತ್ತಿತ್ತು. ಅಕ್ಕ ಹೈಸ್ಕೂಲಿನಲ್ಲಿ ಅದೆಷ್ಟೋ ಮಕ್ಕಳನ್ನು ಬೋರ್ಡಿನ ಮುಂದೆ ಹೀಗೆ ನಿಲ್ಲಿಸಿದ್ದಾಳೆ. ಈಗ ಅವಳ ಕತ್ತಿನ ಹಿಂಭಾಗ ಬೆವೆತದ್ದು ನನಗೆ ಕಾಣುತ್ತಿತ್ತು. ನಿರ್ದೇಶಕ ಗಡಿಯಾರ ನೋಡಿ, "ಆಂಟಿ, ಇನ್ನೊಂದ್ ಮೂರ್ನಾಲ್ಕು ಟ್ರೈ ಮಾಡೋಣ. ಆಗ್ಲಿಲ್ಲ ಅಂದ್ರೆ ಕೆಂಗೇರಿ ಮೇಡಂ ಕೈಲಿ ಮಾಡಿಸ್ತೀನಿ. ಬೇಜಾರು ಮಾಡ್ಕೋಬೇಡಿ" ಎಂದ.

ಆಗ ಕೆಂಗೇರಿಯವರು ಎದ್ದು ಒಳಗೆ ಹೋದರು. ಮೈಕು ತೆರೆದೇ ಇದ್ದುದರಿಂದ ಅವರ ಮಾತು ನಮಗೆಲ್ಲ ಕೇಳಿಸಿತು.

"ಅಕ್ಕ, ನೀವು ತುಟಿ ನೋಡ್ತಿದೀರ. ತುಟಿ ಬಿಡಿ. ಮೂರು ಸಲ ಎಡಗಡೆ ಅಗೀತೀರ, ನಿಲ್ಲಿಸ್ತೀರ, ಬಲಗಡೆ ಹುಬ್ಬು ಏಳುತ್ತೆ. ಅಲ್ಲಿ ಶುರು ಮಾಡ್ಬೇಕು."

"ನನ್ನ ಹುಬ್ಬು ಏಳುತ್ತಾ?"

"ಪ್ರತಿ ಸಲ. ಹಲ್ಲುನೋವಿನ ಮಾತ್ರೇಲಿ ಮಾತ್ರ ಎಡಗಡೇದು ಎದ್ದಿತ್ತು, ನಾನು ಎಷ್ಟು ಒದ್ದಾಡಿದೀನಿ ಗೊತ್ತಾ?" ಅಕ್ಕ ತೆರೆಯನ್ನೇ ದಿಟ್ಟಿಸಿದಳು. ಅವರು ಮುಂದುವರಿಸಿದರು. "ಇನ್ನೊಂದು ಕೇಳ್ತೀನಿ. ಈ ಮಾತು ಯಾರಿಗೆ ಹೇಳ್ತಿದೀರ?"

"ಸೊಸೆಗೆ."

"ಸೊಸೆಗೆ ಕೇಳಿಸ್ಬಾರ್ದು ಅಂತಾನೇ ಅಲ್ವಾ ಮನಸ್ಸಲ್ಲಿ ಹೇಳ್ಕೊಳ್ಳೋದು? ನಿಮ್ಮನೇಲಿ ಊಟಕ್ಕೆ ಕೂತಾಗ ಯಾರ ಹತ್ರ ಗೊಣಗ್ತೀರ?"

ಅಕ್ಕ ಗಾಜಿನ ಈಚೆಗಿದ್ದ ನನ್ನ ಕಡೆ ಒಮ್ಮೆ ನೋಡಿದಳು. "ನಮ್ಮಮ್ಮನ ಹತ್ರ."

"ಹಾಗಿದ್ರೆ ಅಮ್ಮನ ಹತ್ರ ಗೊಣಗಿ." ಹೊರಗೆ ಬರುತ್ತ ಬಾಗಿಲಲ್ಲಿ ತಿರುಗಿ, "ಇದೊಂದ್ಸಲ ಮಾತ್ರ ಅಕ್ಕ. ಆಮೇಲೆ ನನ್ನ ಕೆಲಸ ನನಗೆ ಬಿಟ್ಟುಕೊಡ್ಬೇಕು" ಎಂದರು.

ಮುಂದಿನ ಟೇಕಿನಲ್ಲಿ ಎಡಕ್ಕೆ ಮೂರು ಸಲ ಅಗಿತ, ನಿಲುಗಡೆ, ಹುಬ್ಬು. ಅಕ್ಕ ಹೇಳಿದಳು. ಧ್ವನಿಮುದ್ರಕ ಹೆಬ್ಬೆರಳು ಎತ್ತಿದ. ನಿರ್ದೇಶಕ, "ಓಕೆ ಆಂಟಿ, ಇಟ್ಕೋತೀನಿ" ಎಂದ. ಅವನ ಮುಖದಲ್ಲಿ ಉತ್ಸಾಹ ಇರಲಿಲ್ಲ ಎಂಬುದನ್ನೂ ದಾಖಲಿಸಬೇಕು.

ಜಾಹೀರಾತು ಮೊದಲು ಬಿತ್ತರವಾಗುವ ದಿನ, ಹೊತ್ತು ಎಲ್ಲ ಅಕ್ಕನ ಫೋನಿಗೆ ಬಂದಿತ್ತು. ಅಮ್ಮ ಕೇಳುವ ಮಧ್ಯಾಹ್ನದ ಧಾರಾವಾಹಿಯ ನಡುವೆಯೇ. ಅಕ್ಕ ಊಟದ ಹೊತ್ತಿಗೇ ನಮ್ಮ ಮನೆಗೆ ಬಂದಳು. ನನ್ನ ಹೆಂಡತಿ ಬದನೆಕಾಯಿ ಹುಳಿ, ತಿಳಿಸಾರು ಎರಡೂ ಮಾಡಿದ್ದಳು. ಅಕ್ಕ ಸರಿಯಾಗಿ ಊಟ ಮಾಡಲಿಲ್ಲ. ಊಟವಾದ ಮೇಲೆ ಅಮ್ಮನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ನನ್ನ ಹೆಂಡತಿ ಒಳಗೆ ಪಾತ್ರೆ ಜೋಡಿಸುತ್ತಿದ್ದಳು. ಧಾರಾವಾಹಿ ನಿಂತಿತು. ಮೊದಲು ಸೋಪು ಬಂತು, ಆಮೇಲೆ ಒಡವೆ, ಆಮೇಲೆ ಅಕ್ಕ. ತಟ್ಟೆಯ ಸದ್ದು, ಸೌಟಿನ ಸದ್ದು. ಮೂರು ಸಲ ಅಗಿದಳು. ಹುಬ್ಬು ಎದ್ದಿತು.

"ಇನ್ನೊಂದು ಸೌಟು ಹಾಕಿದ್ರೆ ಇವಳ ಗಂಟೇನು ಹೋಗ್ತಿತ್ತು?"

ಅಮ್ಮ ಟೀವಿಯ ಕಡೆ ತಿರುಗಲೇ ಇಲ್ಲ. ಅಕ್ಕ ಕೂತಿದ್ದ ಕಡೆಗೆ ಬಗ್ಗಿದರು.

"ಯಾಕೇ, ಸರಿಯಾಗಿ ಬಡಿಸ್ಲಿಲ್ವಾ ನಿಂಗೆ?" ಎಂದು, ಅಡುಗೆಮನೆಯ ಕಡೆ ದನಿ ಎತ್ತರಿಸಿ ನನ್ನ ಹೆಂಡತಿಯನ್ನು ಕೂಗಿದರು. "ಏನಮ್ಮಾ, ತವರಿಗೆ ಬಂದ ಹೆಣ್ಮಗಳಿಗೆ ಒಂದು ಸೌಟು ಸಾರು ಹಾಕೋಕೂ ಲೆಕ್ಕ ನೋಡ್ತೀಯಾ?"

ನನ್ನ ಹೆಂಡತಿ ಕೈಯಲ್ಲಿ ತಟ್ಟೆ ಹಿಡಿದೇ ಓಡಿಬಂದಳು. ಮೂವತ್ತು ವರ್ಷದಲ್ಲಿ ಅವಳ ಬಡಿಸುವ ಕೈಯ ಬಗ್ಗೆ ದೂರು ಬಂದದ್ದು ಅದೇ ಮೊದಲು. "ಅತ್ತೆ, ಅದು ಅತ್ತಿಗೆ ಹೇಳಿದ್ದಲ್ಲ! ಟೀವೀಲಿ ಬಂದಿದ್ದು!"

"ನನ್ನ ಮಗಳ ದನಿ ನನಗೆ ಗೊತ್ತಿಲ್ವಾ? ನೀನು ಹೋಗಿ ಸಾರು ತಗೊಂಬಾ."

ಸತ್ಯ ಸಂಗತಿಯನ್ನು ಬಿಡಿಸಿ ಹೇಳಲು ನಾನು ಬಾಯಿ ತೆರೆದೆ. ಅಕ್ಕ ಕೂತಲ್ಲಿಂದಲೇ ನನ್ನ ಮೊಣಕಾಲಿಗೆ ಒಂದು ಏಟು ಹಾಕಿದಳು. ಅವಳ ಕಣ್ಣು ಒದ್ದೆಯಾಗಿತ್ತು. ಮುಖದಲ್ಲಿ ಮಾತ್ರ ಯಾವ ಅಂಕವನ್ನೂ ಕಳೆಯುವ ಲಕ್ಷಣ ಇರಲಿಲ್ಲ.

ಸಾರು ಬಂತು, ಅನ್ನವೂ ಬಂತು. ಅಮ್ಮ ಅಕ್ಕನ ಬೆನ್ನ ಮೇಲೆ ಕೈಯಿಟ್ಟುಕೊಂಡು, ಅವಳು ನಿಜಕ್ಕೂ ತಿನ್ನುತ್ತಿದ್ದಾಳೆಂದು ಖಾತ್ರಿ ಮಾಡಿಕೊಂಡು, ಧಾರಾವಾಹಿಗೆ ಮರಳಿದರು. ನನ್ನ ಹೆಂಡತಿ ಆ ಸಂಜೆಯವರೆಗೂ ನನ್ನ ಜೊತೆ ಮಾತಾಡಲಿಲ್ಲ. ಇದರಲ್ಲಿ ನನ್ನ ತಪ್ಪೇನು ಎಂಬುದು ಇನ್ನೂ ಸ್ಪಷ್ಟವಾಗಿಲ್ಲ.

ಆಮೇಲಿನ ವಾರಗಳ ವರದಿ ಅಕ್ಕನ ಪರವಾಗಿರಲಿಲ್ಲ. ಬಸವೇಶ್ವರನಗರದ ಪಾರ್ಕಿನಲ್ಲಿ ಅವಳ ಜೊತೆ ವಾಕಿಂಗ್ ಮಾಡುವವರು, ಇಸ್ತ್ರಿಯವನು, ತರಕಾರಿಯವಳು ಎಲ್ಲರದೂ ಒಂದೇ ಅಭಿಪ್ರಾಯ: "ಈ ಸಲ ವಾಯ್ಸ್ ಯಾರದ್ದೋ ಹಾಕ್ಬಿಟ್ಟಿದಾರೆ ಆಂಟಿ, ನಿಮಗೆ ಸ್ವಲ್ಪಾನೂ ಹೊಂದ್ತಿಲ್ಲ. ಹಳೇದೇ ನಿಮ್ಮದು." ಅಕ್ಕ ಎಲ್ಲರಿಗೂ ಹೂಂ ಎಂದಳು.

ಎರಡು ತಿಂಗಳ ಮೇಲೆ ಅವಳು ನಮ್ಮ ಮನೆಯಲ್ಲಿದ್ದಾಗಲೇ ಆ ಹುಡುಗ ನಿರ್ದೇಶಕನ ಫೋನು ಬಂತು. ಉಪ್ಪಿನಕಾಯಿಯದು. ಅವನು ತಡವರಿಸುತ್ತಿದ್ದದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತು. "ಆಂಟಿ, ಕಂಪನಿಯವರು... ಹಳೇ ವಾಯ್ಸೇ ಬೇಕು ಅಂತ ಹಟ ಹಿಡಿದಿದಾರೆ. ನೀವು ತಪ್ಪು ತಿಳ್ಕೋಬಾರ್ದು."

"ಅದಕ್ಕೇನಪ್ಪ," ಎಂದಳು ಅಕ್ಕ. "ಕೆಂಗೇರಿಯವ್ರನ್ನೇ ಕರೆಸು. ಅವರು ಚೆನ್ನಾಗಿ ಮಾಡ್ತಾರೆ. ನಂದು ಆಯ್ತು."

ಫೋನು ಇಟ್ಟು ನನ್ನ ಕಡೆ ತಿರುಗಿ ಕೇಳಿದಳು. "ಉಪ್ಪಿನಕಾಯಿಗೆ ಯಾವ ಕಡೆ ಹುಬ್ಬು ಏಳುತ್ತೋ ನಂದು? ನೋಡಿ ಹೇಳು, ಅವರಿಗೆ ಮೊದ್ಲೇ ತಿಳಿಸ್ಬೇಕು."